ಒಂಟಿ ಕೆರದ ಒಡಪು

ಹಂಪವ್ವ ಈಗ ಒಡಪು ಹೇಳೋದಿಲ್ಲ. ಯಾರ ಮದುವಿಗೆ ಕರದರೂ ಬರ್ತಾಳ, ರೊಟ್ಟಿ ಬಡೀತಾಳ, ಮದುಮಗಳಿಗೆ ಅರಿಶಿಣ ಹಚ್ಚತಾಳ. ಆದ್ರ ಹೆಂಗಸರೆಲ್ಲ ಸುತ್ತಗಟ್ಟಿ ಕೂತು ‘ಹೆಸರ ಹೇಳು, ಹೆಸರ ಹೇಳು’ ಅಂತ ಗದ್ದಲ ಸುರು ಮಾಡಿದ ಕೂಡಲೆ ಸೆರಗು ಝಾಡಿಸಿ ಎದ್ದು ಹೊರಗ ಹೋಗಿಬಿಡ್ತಾಳ. ಹೊಸದಾಗಿ ಬಂದ ಸೊಸೆಂದಿರು ‘ಏನು ಸೊಕ್ಕವ್ವಾ ಈಕಿಗೆ’ ಅಂತ ಗುಸುಗುಸು ಮಾಡತಾವ. ಮಾಡಲಿ. ಅವಕ್ಕೇನು ಗೊತ್ತು? ಒಂದು ಕಾಲಕ್ಕ ಕುಷ್ಟಗಿ ತಾಲೂಕಿನ ನಮ್ಮ ಈ ಮೂಲ್ಯಾಗ ಮದುವಿ ಅಂದ್ರ ಮೊದಲ ಕರೆ ಹೋಗತಿದ್ದದ್ದು ಸೋದರಮಾವಗಲ್ಲ, ಹಂಪವ್ವಗ.

ಒಡಪು ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಮ್ಮ ಕಡೆ ಹೆಣ್ಣಮಗಳು ಗಂಡನ ಹೆಸರು ಹಿಡದು ಕರಿಯಂಗಿಲ್ಲ. ಸಂತಿಯೊಳಗ ತಪ್ಪಿಸಿಕೊಂಡರೂ ‘ಇವರ, ರೀ’ ಅಂತ ಒದರಬೇಕು. ದವಾಖಾನಿಯೊಳಗ ಚೀಟಿ ಬರಿಯಾವ ‘ಗಂಡನ ಹೆಸರೇನವ್ವ’ ಅಂದ್ರ ಮಗ್ಗಲಕ ನಿಂತಾಕಿಗೆ ‘ನೀ ಹೇಳ’ ಅಂತ ಮೊಣಕೈಲೆ ತಿವೀತಾರ. ಆ ಹೆಸರು ನಾಲಿಗಿ ಮ್ಯಾಲ ಬರೋದು ಒಡಪಿನ್ಯಾಗ ಅಷ್ಟ. ಮದುವಿ, ಕುಬಸ, ತೊಟ್ಟಿಲ ಕಾರ್ಯಾಂದ್ರ ಹೆಂಗಸರು ಬಾಗಿಲಕ ಅಡ್ಡ ನಿಲ್ಲತಾರ. ಆಕಿ ಪ್ರಾಸ ಕೂಡಿಸಿ ಎರಡು ಮೂರು ಸಾಲು ಹೇಳಿ, ಅದರಾಗ ಗಂಡನ ಹೆಸರು ಸಿಗಿಸಿ, ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗ ಓಡತಾಳ. ಎಲ್ಲಾರೂ ಹೋ ಅಂತ ನಗತಾರ.

ಉಳದವರು ತಮ್ಮ ಅವ್ವ, ಅಜ್ಜಿ ಹೇಳಿದ್ದನ್ನ ಹೇಳತಿದ್ದರು. ಹಂಪವ್ವ ಹಂಗಲ್ಲ. ನಿಂತ ಜಾಗಾದಾಗ ಕಟ್ಟಾಕಿ. ಹೇಳಿದ್ದನ್ನ ಮತ್ತ ಹೇಳಿದಾಕಿ ಅಲ್ಲ. ಕಪ್ಪಗ, ಎತ್ತರಕ, ನಕ್ಕರ ಓಣಿಗೆಲ್ಲ ಕೇಳಬೇಕು. ಗಂಡನ ಹೆಸರು ಗೋಣೆಪ್ಪ. ಈ ಹೆಸರಿಗೆ ಎಷ್ಟು ಪ್ರಾಸ ಸಿಗತಾವ ಹೇಳ್ರಿ? ಆಕಿಗೆ ಸಿಗತಿದ್ದವು! ಆ ಹೆಸರು ಹೇಳೋದಂದ್ರ ಆಕಿಗೆ ಬೆಲ್ಲ ತಿಂದಂಗ.

ಯಾಕಂದ್ರ ಗಂಡ ಮನ್ಯಾಗ ಇರತಿದ್ದದ್ದ ಕಡಿಮಿ. ಕಾಲುವಿ ಬಂದು ಗಂಗಾವತಿ ಕಡೆ ಭತ್ತದ ಮಿಲ್ಲುಗಳು ಎದ್ದಾಗ ಗೋಣೆಪ್ಪ ಅಲ್ಲಿ ಹೋಗಿ ಇಂಜಿನ್ನು ನಡಸೋ ಕೆಲಸಕ್ಕ ಸೇರಿದ. ಅಮಾಸಿಗೆ ಮಿಲ್ಲು ಬಂದ್ ಇರತಿತ್ತು, ಆಗ ಊರಿಗೆ ಬರಾಂವ. ಉಳದ ದಿನ ಹಂಪವ್ವ ಒಬ್ಬಾಕಿನ ಹೊಲಾ ನೋಡಿದಳು, ಮಗಳನ್ನ ದೊಡ್ಡಾಕಿ ಮಾಡಿ ಯಲಬುರ್ಗಿಗೆ ಕೊಟ್ಟಳು, ಲಕ್ವ ಹೊಡದು ಹಾಸಿಗಿ ಹಿಡದ ಅತ್ತಿ ಭೀಮಕ್ಕನ ಹೇಲು ಉಚ್ಚಿ ಬಳದಳು. ಆ ಮುದುಕಿ ಸತ್ತಾಗ ಮೈ ತೊಳದು ಸೀರಿ ಸುತ್ತಿದಾಕೀನೂ ಈಕಿನ. ಬ್ಯಾಸರ ಅಂದಾಕಿ ಅಲ್ಲ. ‘ನಮ್ಮವರು ಅಲ್ಲಿ ಹೊಟ್ಟಿನ ಧೂಳಾಗ ಸಾಯಾಕತ್ಯಾರ, ನಂದೇನು’ ಅನ್ನತಿದ್ದಳು.

ಹಂಪವ್ವ ಎಲ್ಲಿಯೂ ಹೇಳದ ಒಡಪು ಒಂದ ಇತ್ತು. ಮದುವ್ಯಾಗಿ ಗಂಡನ ಮನಿಗೆ ಮೊದಲ ಸಲ ಬರೋವಾಗ ದಾರ್ಯಾಗ ಹಳ್ಳ ಬಂದಿತ್ತು. ಸುತ್ತ ಯಾರೂ ಇರಲಿಲ್ಲ. ಗೋಣೆಪ್ಪ ಆಕೀನ್ನ ಬೆನ್ನ ಮ್ಯಾಲ ಹೊತ್ತು ದಾಟಿಸಿದ. ನಡು ನೀರಾಗ ಅಂವನ ಒಂದು ಕಾಲಿನ ಕೆರ ಕೊಚ್ಚಿ ಹೋತು. ಹೆಂಡ್ತೀನ್ನ ಹೊತ್ತೆ ಅಂದ್ರ ಗೆಳ್ಯಾರು ಊರ ತುಂಬ ಆಡಿಕೋತಾರಲ್ಲ! ಅದಕ್ಕ ಒಂದ ಕೆರ ಮೆಟ್ಟಿಕೊಂಡು ಊರು ಹೊಕ್ಕು, ‘ಇನ್ನೊಂದು ನಾಯಿ ಒಯ್ತು’ ಅಂತ ಸುಳ್ಳು ಹೇಳಿದ. ಆ ಸಂಜಿ ಹಂಪವ್ವ ಅಂವನ ಕಿವ್ಯಾಗ ಹೇಳಿದಳು:

ಬೆನ್ನ ಮ್ಯಾಲ ಹಳ್ಳ ದಾಟಿಸ್ಯಾರ ಹೊತ್ತು,
ಒಂದ ಕೆರ ಮೆಟ್ಟಿ ಊರ ಹೊಕ್ಕಾರ, ಯಾರಿಗಿಲ್ಲ ಗೊತ್ತು,
ಗೋಣೆಪ್ಪನೋರು ನನ್ನ ಕೊಳ್ಳಾನ ಮುತ್ತು.

ಅಂವ ನಾಚಿ ಕೆಂಪಗಾಗಿ, ‘ಏ ಹಂಪಿ, ಇದನ್ನ ಯಾರ ಮುಂದೂ ಹೇಳಬ್ಯಾಡ, ನನ್ನಾಣಿ’ ಅಂದಿದ್ದ. ಹೇಳಲಿಲ್ಲ. ತಲಿ ನೆರಿ ಬರೋತನಕ ಹೇಳಲಿಲ್ಲ. ಹೊಲದಾಗ ಒಬ್ಬಾಕಿನ ಇದ್ದಾಗ ಮನಸಿನ್ಯಾಗ ಹೇಳಿಕೊಂಡು ನಗತಿದ್ದಳು ಅಷ್ಟ.

ಎಪ್ಪತ್ತೊಂಬತ್ತರ ಸುಗ್ಗಿ ಮುಗದು ಹಂಪವ್ವನ ಅಕ್ಕ ಯಂಕವ್ವನ ಮಗಳು ಮಾರೆವ್ವಗ ಮದುವಿ ಗೊತ್ತಾತು. ಗಂಡು ವೆಂಕೋಬ, ಮುನಿರಾಬಾದಿನ ಡ್ಯಾಮಿನ ಕಾಲನ್ಯಾಗ ಸರಕಾರಿ ನೌಕರಿ. ನೌಕರಿ ಗಂಡು, ಅದೂ ನಮ್ಮ ಕಡೆ ಹುಡುಗಿಗೆ! ಯಂಕವ್ವಗ ಕಣ್ಣೀರು ನಿಲ್ಲಲಿಲ್ಲ. ಆಕಿ ಗಂಡ ತೀರಿಕೊಂಡಿದ್ದ. ಹಿಂದೊಂದು ಸಂಬಂಧ ‘ಧಾರಿ ಎರಿಯಾಕ ಅಪ್ಪಿಲ್ಲದ ಕೂಸು’ ಅಂತ ಮುರದು ಹೋಗಿತ್ತು. ಈ ಸಲ ಬೀಗ ಕನಕಪ್ಪ ಒಂದ ಮಾತು ಅಂದಿದ್ದ: ‘ಅಪ್ಪಿಲ್ಲಂದ್ರ ಇಲ್ಲ, ಚಿಂತಿಲ್ಲ. ಧಾರಿ ಎರಿಯಾವ್ರು ಗಂಡ ಹೆಂಡ್ತಿ ಕೂಡಿ ಛಲೋ ಬಾಳೇವು ಮಾಡಿದವರಿರಬೇಕು ನೋಡ್ರಿ. ಅದರಾಗ ಫರಕ ಬಂದ್ರ ಹಂದರದಿಂದನ ಎದ್ದು ಹೋಗಾಂವ ನಾನು.’ ಯಂಕವ್ವ ಹಿಂದಮುಂದ ನೋಡದ ‘ನಮ್ಮ ಹಂಪವ್ವ, ಗೋಣೆಪ್ಪ ಎರೀತಾರ’ ಅಂದಳು. ಅವರಿಗಿಂತ ಛಲೋ ಜೋಡಿ ನಮ್ಮ ಮಂದ್ಯಾಗ ಯಾರಿದ್ದರು?

ಮದುವಿ ಗಂಡಿನವರಲ್ಲೇ, ಡ್ಯಾಮಿನ ಕೆಳಗ. ಗೋಣೆಪ್ಪಗ ಯಾಕೋ ಇದು ಮನಸಿಗೆ ಬರಲಿಲ್ಲ. ‘ಅಷ್ಟು ದೂರ ಯಾಕ, ಊರಾಗ ಮಾಡಿದ್ರಾತು’ ಅಂತ ಮಿಸುಕಾಡಿದ. ‘ನೀನೂ ಮೊದಲಿಂದನ ಹೋಗಿ ಏನ ಮಾಡ್ತಿ, ಧಾರಿ ಹೊತ್ತಿಗೆ ಬಂದ್ರಾತು’ ಅಂದ. ಹಂಪವ್ವ ಕಿಸಕ್ಕನ ನಕ್ಕಳು. ‘ಒಡಪು ಹೇಳಾಕಿ ನಾನಿಲ್ಲದ ಮದುವಿ ಮಾಡತಾರಂತೇನ್ರಿ?’ ಕಡೀಕ ಅಂವ ಮಿಲ್ಲಿನಿಂದ ನೆಟ್ಟಗ ಧಾರಿಗೆ ಬಂದು ಮುಂದಿನ ಬಸ್ಸಿಗೆ ಹೋಗಿಬಿಡ್ತೀನಿ ಅಂದ. ಪಾಪ, ರಜಾ ಕೊಡಂಗಿಲ್ಲಲ್ಲ ಅಂತ ಈಕಿನ ಮರುಗಿದಳು.

ಮದುವಿ ಹಿಂದಿನ ದಿನ ಲಾರಿ ತುಂಬ ನಮ್ಮ ಮಂದಿ ಹೊರಟರು. ಅಬ್ಬಬ್ಬಾ, ಆ ದಿನದ ಸಡಗರ! ಕೊಡ ನೀರಿಗೆ ಬಾವಿ ದಂಡ್ಯಾಗ ಜಗಳಾಡೋ ಹೆಂಗಸರು, ಡ್ಯಾಮು ಕಂಡ ಕೂಡಲೆ ಲಾರ್ಯಾಗ ಎದ್ದು ನಿಂತು ‘ಯವ್ವಾ, ಇದೇನು ಸಮುದ್ರನೇನ’ ಅಂತ ಬಾಯಿ ಬಾಯಿ ಬಿಟ್ಟರು. ಟೆಂಗಿನ ಗಿಡ, ತೋಟ, ಕೆಳಗ ಕಾಲುವಿ. ಕೆಲವರು ಸೀರಿ ಮೊಣಕಾಲ ಮಟ ಎತ್ತಿ ಸುಮ್ಮಸುಮ್ಮನ ನೀರಾಗ ನಿಂತರು. ಗಂಡಿನವರು ಮಂಡಾಳ ಒಗ್ಗರಣಿ, ಬಿಸಿಬಿಸಿ ಮಿರ್ಚಿ ತಂದು ಮುಂದ ಇಟ್ಟರು. ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಅಳದು ನೋಡಿ, ಸೀರಿ ಜರದು, ಕಡೀಕ ಒಂದ ಗುಂಪಾದರು.

ಅಲ್ಲೇ ಹಂಪವ್ವಗ ಕಸ್ತೂರೆಮ್ಮ ಗಂಟು ಬಿದ್ದದ್ದು. ಗಂಡಿನ ಸೋದರತ್ತಿ ಫಕೀರಮ್ಮ ಗಂಗಾವತಿ ಕಡೆ ಗದ್ದಿ ನಾಟಿ ಮಾಡೋ ಹೆಂಗಸರ ಗುಂಪಿನಾಕಿ. ಅದೇ ಗುಂಪಿನ ಹುಡುಗಿ ಈ ಕಸ್ತೂರೆಮ್ಮ, ಗದ್ದಿ ಮಾಡಾಕ ಬಂದವರು ಕಟ್ಟಿಕೊಂಡ ಬ್ಯಾರೆ ಕ್ಯಾಂಪಿನಾಕಿ. ಸಣ್ಣ ಪ್ರಾಯ, ದುಂಡು ಮುಖ, ಟೊಂಕದ ಮ್ಯಾಲ ಎರಡು ಮೂರು ವರ್ಷದ ಹೆಣ್ಣು ಕೂಸು. ಗುರುತಿನವರು ಯಾರೂ ಇಲ್ಲದ ಮೂಲ್ಯಾಗ ಕೂತಿದ್ದಳು.

‘ಯಾಕ ತಂಗಿ, ಒಬ್ಬಾಕಿನ ಕುಂತಿ? ಮಿರ್ಚಿ ತಗೊ’ ಅಂದಳು ಹಂಪವ್ವ.

‘ನಂದ್ಯಾರೂ ಇಲ್ರಿ ಅಕ್ಕಾ ಇಲ್ಲಿ. ನಮ್ಮನಿಯವ್ರು ಊರಿಗೆ ಹೋಗ್ಯಾರ. ನಾನೊಬ್ಬಾಕಿನ ಇದ್ದೆ, ಫಕೀರಮ್ಮಕ್ಕ ಡ್ಯಾಮ್ ತೋರಸ್ತೀನಿ ಬಾ ಅಂತ ಎಳಕೊಂಡು ಬಂದಳು. ಅವರಿಗೆ ಗೊತ್ತಾದ್ರ ಬೈತಾರ’ ಅಂತ ಕಸ್ತೂರೆಮ್ಮ ನಕ್ಕಳು.

‘ಬೈದ್ರ ನನ್ನ ಹೆಸರ ಹೇಳು. ಕುಷ್ಟಗಿ ಕಡೆ ಹಂಪವ್ವ ಕಟ್ಟಿ ಹಾಕಿದ್ದಳು ಅನ್ನು’ ಅಂದಳು ಹಂಪವ್ವ.

ಆಮ್ಯಾಲ ಇಬ್ಬರೂ ಬಿಟ್ಟಿರಲಿಲ್ಲ ನೋಡ್ರಿ. ಕೂಸು ಹಂಪವ್ವನ ತೊಡಿ ಮ್ಯಾಲ ನಿದ್ದಿ ಹೋತು. ಒಂದ ಗಂಗಾಳದಾಗ ಉಂಡರು. ತೋಟದಾಗ ಅಡ್ಡಾಡಿದರು. ‘ಸಂಜಿಕ ಒಡಪು ಹಾಕತಾರ, ಕಲಿಸಲೇನು ಎರಡು?’ ಅಂದಳು ಹಂಪವ್ವ. ಕಸ್ತೂರೆಮ್ಮ ಮುಖ ಕೆಂಪು ಮಾಡಿಕೊಂಡು, ‘ನಮ್ಮ ಕ್ಯಾಂಪಿನ್ಯಾಗ ಈ ಪದ್ಧತಿ ಇಲ್ರಿ ಅಕ್ಕಾ. ಆದ್ರೂ ಒಂದು ಬರ್ತೈತಿ. ಅವರೇ ಕಲಿಸ್ಯಾರ’ ಅಂದಳು.

‘ಗಂಡಸು ಒಡಪು ಕಲಸ್ತಾನ! ಅಯ್ಯಯ್ಯ, ಪುಣ್ಯ ಮಾಡೀಯವ್ವಾ ನೀನು! ಅಂಥಾ ಗಂಡನ್ನ ನಾನು ಕಂಡ ಇಲ್ಲ’ ಅಂತ ಹಂಪವ್ವ ಆಕಿ ಗಲ್ಲ ಹಿಂಡಿ ದೃಷ್ಟಿ ತಗದಳು.

ಹೊತ್ತು ಇಳಿಯೋವಾಗ ಹಂದರದಾಗ ಅರಿಶಿಣ ಕಲಸಿದರು. ಮಾರೆವ್ವನ್ನ ಮಣಿ ಮ್ಯಾಲ ಕುಂದ್ರಿಸಿ ಹಂಪವ್ವನ ಕೈಯಾಗ ಬಟ್ಟಲ ಕೊಟ್ಟರು. ಹಚ್ಚಕೋತ ಹಚ್ಚಕೋತ ಒಡಪು ಸುರುವಾತು. ಫಕೀರಮ್ಮ ಬಲು ಜೋರು, ಕೈಯಾಗ ಲಟ್ಟಣಿಗಿ ಹಿಡಕೊಂಡು ಯಾರನ್ನೂ ಬಿಡಲಿಲ್ಲ. ಒಬ್ಬಾಕಿ ಹೇಳಿದಳು, ಇನ್ನೊಬ್ಬಾಕಿ ಅರ್ಧಕ್ಕ ಮರತು ನಾಲಿಗಿ ಕಚ್ಚಿಕೊಂಡಳು. ನಮ್ಮೂರ ಗುರುಲಿಂಗಮ್ಮ ‘ನಮ್ಮ ಹಂಪವ್ವಂದು ಕಡೀಕ ಇರಲಿ, ಆಕಿ ಹೇಳಿದ ಮ್ಯಾಲ ಯಾರದೂ ನಡಿಯಂಗಿಲ್ಲ’ ಅಂದಳು. ಹಂಪವ್ವನೂ ಒಳಗೊಳಗ ಕಟ್ಟಿಕೊಂಡು ಕೂತಿದ್ದಳು. ‘ತುಂಗಭದ್ರಾ ಡ್ಯಾಮಿಗೆ ಬಾಗಲ ಮೂವತ್ಮೂರು, ನನ್ನ ಮನಿಗೆ ಬಾಗಲ ಒಂದ, ಬರಾವ್ರೂ ಒಬ್ಬರು, ಕೇಳ್ತೀರೇನು, ಗೋಣೆಪ್ಪನೋರು.’ ಗಂಡಿನವರು ಹೌಹಾರಬೇಕು ಅಂತ ಅಂದುಕೊಂಡು ಒಬ್ಬಾಕಿನ ನಕ್ಕಳು.

ಅಷ್ಟರಾಗ ಫಕೀರಮ್ಮನ ಲಟ್ಟಣಿಗಿ ಕಸ್ತೂರೆಮ್ಮನ ಕಡೆ ತಿರಗಿತು. ಆಕಿ ಒಲ್ಲೆ ಅಂದಳು. ‘ಹೇಳು ತಂಗಿ, ಅಂಜಬ್ಯಾಡ. ನಾನದೀನಿ’ ಅಂತ ಧೈರ್ಯ ತುಂಬಿದಾಕಿ ಯಾರಂತೀರಿ? ಹಂಪವ್ವನ! ಕಸ್ತೂರೆಮ್ಮ ಕಣ್ಣು ಮುಚ್ಚಿಕೊಂಡು, ಸಾಲಿ ಹುಡುಗಿ ಪಾಠ ಒಪ್ಪಿಸಿದಂಗ, ಗಡಗಡ ಹೇಳಿಬಿಟ್ಟಳು:

ಬೆನ್ನ ಮ್ಯಾಲ ಹಳ್ಳ ದಾಟಿಸ್ಯಾರ ಹೊತ್ತು,
ಒಂದ ಕೆರ ಮೆಟ್ಟಿ ಊರ ಹೊಕ್ಕಾರ, ಯಾರಿಗಿಲ್ಲ ಗೊತ್ತು,
ಗೋಣೆಪ್ಪನೋರು ನನ್ನ ಕೊಳ್ಳಾನ ಮುತ್ತು.

ಹಂದರ ಹೋ ಅಂತ ನಕ್ಕಿತು. ‘ಅಯ್ಯ, ನಮ್ಮ ಹಂಪವ್ವನ ಗಂಡನ ಹೆಸರೂ ಅದ ಐತೆವ್ವಾ!’ ಅಂತ ಗುರುಲಿಂಗಮ್ಮ ಚಪ್ಪಾಳಿ ಬಡದಳು. ಕಸ್ತೂರೆಮ್ಮ ಕಣ್ಣು ತಗದು, ‘ಹೌದ ಅಕ್ಕಾ? ಅದಕ್ಕ ನೋಡ್ರಿ ನಾವಿಬ್ಬರೂ ಇಷ್ಟು ಲಗೂ ಒಂದಾಗೀವಿ’ ಅಂತ ಹಿಗ್ಗಿದಳು.

ಹಂಪವ್ವನ ಕಿವಿ ಗುಂಯ್ ಅಂತಿದ್ದವು. ಹೆಸರು ಒಂದ ಇರಬಹುದು. ಯಾವ ಊರಾಗ ಗೋಣೆಪ್ಪ ಇಲ್ಲ? ಆದ್ರ ಆ ಹಳ್ಳ? ಆ ಕೆರ? ಆ ಮಾತುಗಳನ್ನ ಈಕಿ ಹುಟ್ಟಿಸಿ ಒಂದ ಕಿವ್ಯಾಗ ಹಾಕಿದ್ದಳು. ಆ ಒಂದು ಕಿವಿ ಬಿಟ್ಟು ಭೂಮಿ ಮ್ಯಾಲ ಯಾರಿಗೂ ಗೊತ್ತಿರಲಿಲ್ಲ. ಅಕ್ಷರ ತಪ್ಪದಂಗ ಬಂದೈತಿ! ಉಸಿರು ಎಲ್ಲಿ ತಗೋಬೇಕು ಅನ್ನೋದು ಸುದ್ದಾ ಹಂಪವ್ವಂದ!

‘ಚಿಗವ್ವಾ, ಅದ ಗಲ್ಲಕ್ಕ ಎಷ್ಟು ಹಚ್ಚತಿ? ಉರಿಯಾಕತ್ತೈತಿ’ ಅಂದಳು ಮಾರೆವ್ವ. ಆಗ ಹಂಪವ್ವ ಕೈ ತಗದಳು. ಹುಡುಗಿಯ ಒಂದು ಗಲ್ಲ ಅರಿಶಿಣದಾಗ ಮುಚ್ಚಿಹೋಗಿತ್ತು, ಇನ್ನೊಂದು ಹಂಗ ಇತ್ತು.

‘ಈಗ ಹಂಪವ್ವಂದು, ಹಂಪವ್ವಂದು!’ ಅಂತ ಕೂಗಿದರು. ಆಕಿ ಬಾಯಿ ತಗದಳು. ‘ಗಂಟಲು ಕಟ್ಟೈತಿ’ ಅಂತ ಕೈ ಮಾಡಿ ಎದ್ದು ಹೊರಗ ಬಂದಳು. ಮಂದಿ ಡ್ಯಾಮಿನ ಗಾಳಿ ತಾಗಿರಬೇಕು ಅಂದರು.

ನಳದ ಹತ್ತರ ಕಸ್ತೂರೆಮ್ಮ ಕೂಸಿನ ಮುಖ ತೊಳಿಯಾಕ ಬಂದಳು. ಹಂಪವ್ವ ಕೇಳಬಾರದು ಅಂತಲೇ ನಿಂತಿದ್ದಳು, ಆದರೂ ಬಾಯಿ ಕೇಳಿಬಿಟ್ಟಿತು. ‘ಆ ಒಡಪು ಯಾರು ಕಟ್ಟಿದ್ದವ್ವಾ?’

‘ಅವರೇ ಕಟ್ಟ್ಯಾರಂತ ಅಕ್ಕಾ. ಹಳ್ಳ ಪಳ್ಳ ಎಲ್ಲಾ ಸುಳ್ಳು ಮತ್ತ. ನನ್ನನ್ನ ಹೊತ್ತಿಲ್ಲೇನಿಲ್ಲ, ನಾನು ಬಸ್ಸಿನ್ಯಾಗ ಬಂದಾಕಿ. ಸುಮ್ಮನ ಛಂದ ಕೇಳತೈತಿ ಅಂತ ಕಟ್ಟಿದ್ದು ಅಂತಾರ. ಮಿಲ್ಲಿನ್ಯಾಗ ಇಂಜಿನ್ ನಡಸ್ತಾರಲ್ರಿ, ಆ ಸಪ್ಪಳದಾಗ ಹಿಂಗ ಹಾಡ ಕಟ್ಟಕೋತ ಇರತಾರಂತ.’

ಸುಮ್ಮನ ಕಟ್ಟಿದ್ದಂತ. ಸುಳ್ಳಂತ. ಹಂಪವ್ವ ಕೂಸಿನ ಕಡೆ ತಿರಗಿದಳು.

‘ಕೂಸಿನ ಹೆಸರು?’

‘ಭೀಮಕ್ಕ. ಅವರ ಅವ್ವನ ಹೆಸರು. ಜೀವ ಇದ್ದವರ ಹೆಸರು ಇಡತಾರೇನ್ರಿ ಅಂತ ನಾನೂ ಕೇಳಿದೆ. ಅವ್ವಂದ್ರ ಭಾಳ ಜೀವ ಅವರಿಗೆ. ಮುದುಕಿಗೆ ಲಕ್ವ ಹೊಡದೈತಿ, ಅಮಾಸಿಗೊಮ್ಮೆ ಹೋಗಿ ಮೈ ತೊಳದು ಬರತಾರ. ಈ ಸಲ ಜಡ್ಡು ಜೋರಾಗೈತಂತ ಅಮಾಸಿಗೆ ಮೊದಲ ಹೋಗ್ಯಾರ. ನನ್ನ ಕರಕೊಂಡು ಹೋಗಂಗಿಲ್ಲ, ಆ ಮುದುಕಿಗೆ ನಾನು ಸೇರಂಗಿಲ್ಲಂತ.’

ಏನಂತ ಹೇಳ್ಯಾಳು ಹಂಪವ್ವ? ಆ ಮೈ ತೊಳದ ಕೈ ಇವು ಅಂತಲೇ? ಆ ಮುದುಕಿ ಮಣ್ಣಾಗಿ ಎಷ್ಟೋ ವರ್ಷ ಆತು ಅಂತಲೇ? ಸತ್ತ ತಾಯೀನ್ನ ಹಾಸಿಗಿ ಮ್ಯಾಲ ಎಬ್ಬಿಸಿ ಮಲಗಿಸಿ, ಒಬ್ಬಾಕಿಗೆ ಮಿಲ್ಲು ತೋರಿಸಿ, ಇನ್ನೊಬ್ಬಾಕಿಗೆ ಅವ್ವನ್ನ ತೋರಿಸಿ, ನಡುವ ತಣ್ಣಗ ಓಡಾಡಿಕೊಂಡಿದ್ದನಲ್ಲ ಭಾಡ್ಯಾ! ಇನ್ನೊಬ್ಬಾಕಿ ಬೇಕಾಗಿದ್ರ ಹೇಳಿ ಮಾಡಿಕೊಳ್ಳಬೇಕಿತ್ತು, ಊರಾಗ ಮಾಡಿಕೊಂಡವರಿಲ್ಲೇನು? ಅತ್ತು ಜಗಳಾಡಿ ಎಲ್ಲಾ ಆಗಿ ಹೋಗತಿತ್ತು. ಆದ್ರ ಈಕಿ ಎದಿಯಾಗ ಇಟ್ಟುಕೊಂಡಿದ್ದ ಮೂರು ಸಾಲು ಕದ್ದು ಒಯ್ದು ಅಲ್ಲಿ ಹಂಚಿದನಲ್ಲ, ಅದು ಆಕಿ ಹೊಟ್ಟ್ಯಾಗ ಉರಿ ಹಾಕಿತು. ಈ ಹುಡುಗಿ ಮ್ಯಾಲ ಸಿಟ್ಟು ಮಾಡಬೇಕಂದ್ರ ಅದೂ ಬರವಲ್ಲದು. ಮುಖ ತೊಳಿಸಿಕೊಂಡ ಕೂಸು ಒದ್ದಿ ಕೈ ಹಂಪವ್ವನ ಕೊಳ್ಳಿಗೆ ಹಾಕಿತ್ತು. ಆ ಕೂಸಿನ ಹುಬ್ಬು ಗೋಣೆಪ್ಪಂದು. ಮಧ್ಯಾಹ್ನದಿಂದ ತೊಡಿ ಮ್ಯಾಲ ಹಾಕಿಕೊಂಡಿದ್ದಳು, ಈಗ ಕಂಡಿತು.

ಕೂಗಿ ಹಂದರ ಕಿತ್ತಿ ಹಾಕಬೇಕು ಅನಿಸಿತು. ಅಕ್ಕಗ ಹೇಳತೀನಿ ಅಂತ ಅಡಿಗಿ ಮನಿಗೆ ನಡದಳು. ಯಂಕವ್ವ ಒಲಿ ಮುಂದ ಬರಿ ಹಣ್ಯಾಗ ಕೂತಿದ್ದಳು. ವಿಧವಿ ಅಂತ ಅರಿಶಿಣದ ಹತ್ತರ ಬಂದಿರಲಿಲ್ಲ. ತಂಗಿ ಬಂದದ್ದು ನೋಡಿ ಕೈ ಹಿಡಕೊಂಡಳು.

‘ನೀನು, ಗೋಣೆಪ್ಪ ಇದ್ದೀರಿ ಅಂತ ನನ್ನ ಕೂಸು ದಂಡಿ ಹತ್ತೈತಿ, ಹಂಪಿ. ಬೀಗರು ಇವತ್ತೂ ಕೇಳಿದರು, ಧಾರಿ ಎರಿಯಾವ್ರು ಬರ್ತಾರಲ್ಲ ಅಂತ. ಬರ್ತಾನಲ್ಲ ಅಂವ?’

‘ಬರ್ತಾನ’ ಅಂದಳು ಹಂಪವ್ವ. ಕನಕಪ್ಪನ ಮಾತು ತಲ್ಯಾಗ ಕೂತಿತ್ತು, ಹಂದರದಿಂದನ ಎದ್ದು ಹೋಗಾಂವ. ಈಗ ಬಾಯಿ ಬಿಟ್ಟರ ತನ್ನ ಬಾಳೇವಿನ ಜತಿ ಮಾರೆವ್ವಂದೂ ಹೋಗತಿತ್ತು. ಎರಡನೇ ಸಲ ಮುರದರ ಆ ಹುಡುಗೀನ್ನ ಯಾರು ಕೇಳ್ಯಾರು? ಅಕ್ಕಿಕಾಳು ಬೀಳೋತನಕ ನುಂಗಬೇಕು. ನುಂಗಿದಳು. ಆ ರಾತ್ರಿ ಹೆಂಗ ಬೆಳಗಾತು ಅಂತ ಮಾತ್ರ ಕೇಳಬ್ಯಾಡ್ರಿ.

ಮುಂಜಾನೆ ಮೊದಲ ಮಾಡಿದ ಕೆಲಸ ಅಂದ್ರ ಕಸ್ತೂರೆಮ್ಮನ್ನ ಹಿಡದದ್ದು. ‘ತಂಗೀ, ಒಂದು ಉಪಕಾರ ಮಾಡವ್ವಾ. ಆ ಕಡೀ ಮನ್ಯಾಗ ಬುಂದೇ ಬುಟ್ಟಿ ಇಟ್ಟಾರ. ನಾಯಿ, ಹುಡುಗರು ಹೊಕ್ಕಾವು. ಕೂಸಿನ್ನ ತಗೊಂಡು ಅಲ್ಲಿ ಕೂಡ್ತೀ ಏನು?’

‘ಅಕ್ಕಿಕಾಳು ನೋಡಬಾರದ ಅಕ್ಕಾ ನಾನು?’

‘ಬಿದ್ದ ಕೂಡಲೆ ನಾನ ಕರೀತೀನಿ. ಮಾತು ಕೊಟ್ಟೀನಿ ನೋಡು.’

ಕಸ್ತೂರೆಮ್ಮ ಹೂಂ ಅಂದು ಹೋದಳು. ಸ್ವಲ್ಪ ಹೊತ್ತಿಗೆ ಬಸ್ಸಿಳಿದು ಗೋಣೆಪ್ಪ ಬಂದ. ತೊಳದ ಧೋತರ, ಹೊಸಾ ಶಲ್ಯ, ಕಾಲಾಗ ಕಿರ್ರ್ ಕಿರ್ರ್ ಅನ್ನೋ ಕೆರ. ಅದೇ ನಗು, ಅದೇ ಮುಖ! ಹಂಪವ್ವಗ ಆಶ್ಚರ್ಯ ಆದದ್ದು ಇದಕ್ಕ. ಇಷ್ಟೆಲ್ಲ ಮಾಡಿದಾಂವನ ಮುಖ ಒಂದೀಟರೆ ಬದಲಾಗಿರಬೇಕಲ್ಲ? ಆಗಿರಲಿಲ್ಲ. ಬೀಗರಿಗೆ ಕೈ ಮುಗದ, ಯಂಕವ್ವನ ಕಾಲಿಗೆ ಬಿದ್ದ, ಕನಕಪ್ಪನ ಹೆಗಲ ಮ್ಯಾಲ ಕೈ ಇಟ್ಟು ಮಾತಾಡಿದ.

‘ಏನ ಹಂಪಿ, ಕಣ್ಣು ಕೆಂಪಗಾಗ್ಯಾವು? ನಿದ್ದಿ ಮಾಡಿಲ್ಲೇನು?’

‘ಒಲಿ ಮುಂದಿದ್ದೆ. ಹೊಗಿ’ ಅಂದಳು. ಹಂಗ ಅಂದು ಅಂವನ ಮುಖ ನೋಡದ, ‘ಧಾರಿಗೆ ಹೊತ್ತಾತು’ ಅಂದಳು.

ಐನೋರು ಇಬ್ಬರನ್ನೂ ಮಣಿ ಮ್ಯಾಲ ಕುಂದ್ರಿಸಿ, ಅಂವನ ಶಲ್ಯದ ತುದಿ, ಈಕಿ ಸೆರಗಿನ ತುದಿ ಕೂಡಿಸಿ ಗಂಟು ಹಾಕಿದರು. ಯಂಕವ್ವ ದೂರ ಕಂಬದ ಮರ್ಯಾಗ ನಿಂತು ನೋಡತಿದ್ದಳು. ಗೋಣೆಪ್ಪ ಗಿಂಡಿ ಹಿಡದ, ಹಂಪವ್ವ ಅಂವನ ಕೈ ಕೆಳಗ ಕೈ ಕೊಟ್ಟಳು. ಮಾರೆವ್ವನ ಕೈ ವೆಂಕೋಬನ ಕೈಯಾಗ ಕೂತಿತು. ಹಲಗಿ ಬಡಿಯಾಕ ಸುರು ಮಾಡಿದರು. ನೀರು ಬೀಳಬೇಕು, ಅಷ್ಟರಾಗ ಹಂದರದ ಬಾಗಲಿನಿಂದ ಕೂಸಿನ ದನಿ ಬಂತು.

‘ಅಪ್ಪಾ!’

ಹಲಗಿ ಸಪ್ಪಳದಾಗ ಅದು ಮಂದಿಗೆ ಕೇಳಲಿಲ್ಲ. ಕೇಳಬೇಕಾದಾಂವಗ ಕೇಳಿತು. ಗೋಣೆಪ್ಪ ಕತ್ತು ಎತ್ತಿದ. ಬಾಗಲದಾಗ ಭೀಮಕ್ಕ ನಿಂತಿತ್ತು, ಬಾಯಿ ತುಂಬ ಬುಂದೇ. ಅದರ ಹಿಂದ ಕಸ್ತೂರೆಮ್ಮ ಓಡಿ ಬಂದು ಕೂಸಿಗೆ ಕೈ ಹಾಕಿದಾಕಿ, ಹಂಗ ಕಣ್ಣು ಎತ್ತಿ, ನಿಂತಲ್ಲೇ ನಿಂತಳು. ಅಂವನ್ನ ನೋಡಿದಳು, ಹಂಪವ್ವನ್ನ ನೋಡಿದಳು, ಇಬ್ಬರ ನಡುವಿನ ಗಂಟು ನೋಡಿದಳು. ಗೋಣೆಪ್ಪನ ಕೈಯಾಗಿನ ಗಿಂಡಿ ವಾಲಿತು.

ಹಂಪವ್ವ ಕೆಳಗಿಂದ ಆ ಕೈಯನ್ನ ಗಟ್ಟಿಯಾಗಿ ಹಿಡದಳು. ಉಗುರು ಒಳಗ ಇಳದವು. ‘ಹಿಡಿ ಗಿಂಡಿ. ನೀರ ಬಿಡು’ ಅಂದಳು, ಅಂವಗಷ್ಟ ಕೇಳೋ ದನ್ಯಾಗ. ಮದುವ್ಯಾಗಿ ಇಷ್ಟು ವರ್ಷಕ್ಕ ಆಕಿ ಅಂವನ್ನ ಏಕವಚನದಾಗ ಮಾತಾಡಿಸಿದ್ದು ಅದ ಮೊದಲು. ಅಂವ ಆಕಿ ಮುಖ ನೋಡಿದ. ಆಕಿಗೆ ಎಲ್ಲಾ ಗೊತ್ತೈತಿ ಅಂತ ಅಂವಗ ತಿಳೀತು. ನೀರು ಬಿಟ್ಟ.

ಐನೋರು ಮಂತ್ರ ಮುಗಿಸಿದರು. ವೆಂಕೋಬ ತಾಳಿ ಕಟ್ಟಿದ. ಅಕ್ಕಿಕಾಳು ಬಿದ್ದವು. ಹಂಪವ್ವ ತನ್ನ ಕೈಯಾಗಿನ ಕಾಳು ಮಾರೆವ್ವನ ತಲಿ ಮ್ಯಾಲ ಹಾಕಿ, ‘ಛಂದಾಗಿ ಬಾಳವ್ವಾ’ ಅಂದಳು. ಕಂಬದ ಮರ್ಯಾಗ ಯಂಕವ್ವ ಸೆರಗಿನ್ಯಾಗ ಮುಖ ಹುಗಿದು ಅತ್ತಳು. ಇನ್ನು ಈ ಮದುವಿ ಯಾರಿಂದಲೂ ಮುರಿಯಂಗಿಲ್ಲ, ಕನಕಪ್ಪನಿಂದಲೂ ಅಷ್ಟ.

ಹಲಗಿ ನಿಂತವು. ಫಕೀರಮ್ಮ ಲಟ್ಟಣಿಗಿ ಹಿಡಕೊಂಡು ಬಂದೇ ಬಿಟ್ಟಳು. ‘ನಿನ್ನೆ ಗಂಟಲು ಅಂತ ತಪ್ಪಿಸಿಕೊಂಡೀರಿ ಬೀಗತಿ. ಧಾರಿ ಎರದ ಜೋಡಿ ಹೆಸರ ಹೇಳದ ಮಣಿ ಮ್ಯಾಲಿಂದ ಏಳಂಗಿಲ್ಲ. ಹೇಳ್ರಿ, ಎಲ್ಲಾರೂ ಸುಮ್ಮಕ ಕೂಡ್ರಿ, ಹಂಪವ್ವನೋರು ಹೆಸರ ಹೇಳತಾರ!’

ಹಂದರ ಗಪ್ಪಾತು. ನಮ್ಮೂರ ಹೆಂಗಸರು ಈಗ ನೋಡ್ರಿ ಅನ್ನೋಹಂಗ ಗಂಡಿನವರ ಕಡೆ ಹುಬ್ಬು ಹಾರಿಸಿದರು. ಬಾಗಲದಾಗ ಕಸ್ತೂರೆಮ್ಮ ಹಂಗ ನಿಂತಿದ್ದಳು, ಕೂಸಿನ ಕೈ ಬಿಟ್ಟಿದ್ದಳು. ಅಷ್ಟು ಗಪ್ಪಿನ್ಯಾಗ ಭೀಮಕ್ಕ ಮತ್ತೊಮ್ಮೆ ‘ಅಪ್ಪಾ’ ಅಂತು. ಈ ಸಲ ಎಲ್ಲಾರಿಗೂ ಕೇಳಿತು. ಯಾರ ಕೂಸು, ಯಾರನ್ನ ಕರಿಯಾಕತ್ತೈತಿ ಅಂತ ಮಂದಿ ಆಕಡೆ ಈಕಡೆ ನೋಡಿದರು.

ಹಂಪವ್ವ ಕತ್ತು ನೆಟ್ಟಗ ಮಾಡಿದಳು. ಪ್ರಾಸ ಇಲ್ಲ, ಸಾಲಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ.

‘ಗೋಣ್ಯಾ’ ಅಂದಳು.

ಫಕೀರಮ್ಮನ ಕೈಯಾಗಿನ ಲಟ್ಟಣಿಗಿ ಕೆಳಗ ಬಿತ್ತು. ‘ಶಿವನೇ!’ ಅಂದಳು ಗುರುಲಿಂಗಮ್ಮ. ನಮ್ಮ ಮಂದ್ಯಾಗ ಹುಟ್ಟಿದ ಯಾವ ಹೆಂಗಸಿನ ಬಾಯಾಗೂ ಹಿಂಗ ಗಂಡನ ಹೆಸರು ಬಂದದ್ದನ್ನ ಅಲ್ಲಿದ್ದವರು ಕೇಳಿರಲಿಲ್ಲ.

‘ಏ ಗೋಣ್ಯಾ, ಏಳು. ನಿನ್ನ ಮಗಳು ಕರಿಯಾಕತ್ಯಾಳ, ಹೋಗು.’

ಅಂವ ಏಳಾಕ ಹೋದ. ಸೆರಗಿನ ಗಂಟು ಜಗ್ಗಿ ಅರ್ಧಕ್ಕ ನಿಂತ. ಹಂಪವ್ವ ಕೂತಲ್ಲೇ ಆ ಗಂಟು ಬಿಚ್ಚಿ ಕೊಟ್ಟಳು.